ಒಂದು ಮಾತಿನ ತೂಕ

ಅಕ್ಕಸಾಲಿಗನ ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಕೈಗೆ ಮೊದಲ ದಿನವೇ ಯಾರೂ ಚಿನ್ನವನ್ನು ಕೊಡುವುದಿಲ್ಲ. ಕೆಂಡವನ್ನು ಊದುವುದು, ತಕ್ಕಡಿಯನ್ನು ಒರೆಸಿಡುವುದು, ನೆಲಕ್ಕೆ ಉದುರಿದ ಪುಡಿಯನ್ನು ಗುಡಿಸಿ ಕೂಡಿಡುವುದು, ಇಷ್ಟೇ ಅವನ ಕೆಲಸ. ಗುಲಗಂಜಿಯಷ್ಟು ಚಿನ್ನಕ್ಕೂ ತೂಕವುಂಟೆಂಬ ಎಚ್ಚರ ಅವನಲ್ಲಿ ಮೂಡಿದ ಮೇಲೆಯೇ ಕಸುಬಿನ ಮುಂದಿನ ಪಾಠ. ಚಿನ್ನವನ್ನು ತೂಗುವ ಕಸುಬಿನಂತೆಯೇ ಮಾತನ್ನು ತೂಗುವ ಕಸುಬೂ ಒಂದುಂಟು. ದೇಶದ ಸಂವಿಧಾನದಲ್ಲಿರುವ ಒಂದೊಂದು ಮಾತೂ ಅಲ್ಲಿಗೆ ಹೇಗೆ ಬಂದಿತು, ಅದರಿಂದ ಜನರ ಬಾಳಿನಲ್ಲಿ ಏನಾಯಿತು ಎಂಬುದನ್ನು ಒರೆಗೆ ಹಚ್ಚಿ ನೋಡುವ ಕಸುಬು ಅದು. ಆ ಕಸುಬನ್ನು ಕಲಿಯಲು ಹೋದ ಒಬ್ಬ ವಿದ್ಯಾರ್ಥಿನಿಯಿಂದ ನಾನು ಕೇಳಿ ತಿಳಿದ ಸಂಗತಿಗಳನ್ನು ಇಲ್ಲಿ ನಿಮಗೆ ಹೇಳಬೇಕೆಂದಿದ್ದೇನೆ.

ಆಕೆ ನಾನು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ನನ್ನ ತರಗತಿಯಲ್ಲಿದ್ದವಳು. ಈಗ ಬೆಂಗಳೂರಿನಲ್ಲಿ ಐದು ವರ್ಷಗಳ ಕಾನೂನು ವ್ಯಾಸಂಗ ಮಾಡುತ್ತಿದ್ದಾಳೆ. ಬೇಸಿಗೆಯ ರಜೆಯ ಕೊನೆಗೆ ಊರಿಗೆ ಬಂದವಳು ನಮ್ಮ ಮನೆಗೂ ಬಂದಳು. “ರಜೆಯನ್ನು ಎಲ್ಲಿ ಕಳೆದೆಯಮ್ಮ?” ಎಂದು ಕೇಳಿದೆ. “ದಿಲ್ಲಿಯಲ್ಲಿ ನಾಲ್ಕು ವಾರ ಇಂಟರ್ನ್‌ಷಿಪ್ ಮಾಡಿದೆ ಸಾರ್. ಅಷ್ಟು ದಿನವೂ ಸಂವಿಧಾನದ ಒಂದೇ ಒಂದು ವಾಕ್ಯವನ್ನು ಓದಿದೆ” ಎಂದಳು. ನನಗೆ ಆಶ್ಚರ್ಯವಾಯಿತು. ಒಂದು ವಾಕ್ಯವನ್ನು ಓದಲು ನಾಲ್ಕು ವಾರಗಳು ಬೇಕೆ?

ಇಂಟರ್ನ್‌ಷಿಪ್ ಎಂದರೆ ಅನುಭವಿಗಳ ಬಳಿ ಇದ್ದು, ಕೆಲಸ ಮಾಡುತ್ತಲೇ ಕೆಲಸವನ್ನು ಕಲಿಯುವುದು. ಕಾನೂನು ಓದುವವರಿಗೆ ಇದು ಕಡ್ಡಾಯ. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಮಾಡಿದ ನಿಯಮಗಳ ಪ್ರಕಾರ ಮೂರು ವರ್ಷದ ವ್ಯಾಸಂಗದವರು ಒಟ್ಟು 12 ವಾರಗಳನ್ನೂ ಐದು ವರ್ಷದವರು 20 ವಾರಗಳನ್ನೂ ಹೀಗೆ ಕಳೆಯಬೇಕು. ಕೆಲವರು ವಕೀಲರ ಕಚೇರಿಗೆ ಹೋಗುತ್ತಾರೆ, ಕೆಲವರು ನ್ಯಾಯಾಧೀಶರ ಬಳಿಗೆ, ಕೆಲವರು ಕಂಪನಿಗಳಿಗೆ. ನನ್ನ ಶಿಷ್ಯೆ ಹೋದದ್ದು ಸಾರ್ವಜನಿಕ ನೀತಿಯನ್ನು ಅಭ್ಯಾಸ ಮಾಡುವ ಒಂದು ಸಂಸ್ಥೆಗೆ. ಅಂಥ ಸಂಸ್ಥೆಯನ್ನು ಇಂಗ್ಲಿಷಿನಲ್ಲಿ ‘ಥಿಂಕ್ ಟ್ಯಾಂಕ್’ ಎಂದು ಕರೆಯುವುದು ವಾಡಿಕೆ.

ಈ ಸಂಸ್ಥೆಗಳು ಕಾನೂನನ್ನು ಮಾಡುವುದಿಲ್ಲ; ಅದು ಶಾಸನಸಭೆಯ ಕೆಲಸ. ಜಾರಿಗೆ ತರುವುದೂ ಇಲ್ಲ. ಅದು ಸರ್ಕಾರದ ಕೆಲಸ. ತೀರ್ಪು ಕೊಡುವುದೂ ಇಲ್ಲ. ಅದು ನ್ಯಾಯಾಲಯದ ಕೆಲಸ. ಈ ಮೂವರೂ ನಿರ್ಧಾರ ಕೈಗೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಹುಡುಕಿ, ಸೋಸಿ, ಅಚ್ಚುಕಟ್ಟಾಗಿ ಬರೆದು ಮುಂದಿಡುವುದೇ ಇವುಗಳ ಕೆಲಸ. ದಿಲ್ಲಿಯಲ್ಲಿ 1973ರಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಪಾಲಿಸಿ ರಿಸರ್ಚ್, ಸಂಸತ್ತಿನ ಮುಂದೆ ಬರುವ ಮಸೂದೆಗಳ ಸಾರವನ್ನು ಸದಸ್ಯರಿಗೆ ಒದಗಿಸಲೆಂದು 2005ರಲ್ಲಿ ಆರಂಭವಾದ ಪಿಆರ್‌ಎಸ್, ಕಾನೂನುಗಳನ್ನೇ ವಿಷಯವಾಗಿ ಇಟ್ಟುಕೊಂಡು 2013ರಲ್ಲಿ ಹುಟ್ಟಿದ ವಿಧಿ ಸೆಂಟರ್ ಇವೆಲ್ಲ ಇದೇ ಬಗೆಯವು. ನಮ್ಮ ನಾಡಿಗೂ ಈ ಪರಂಪರೆ ಹೊಸದಲ್ಲ. ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು 1945ರಲ್ಲಿ. ಸ್ವಾತಂತ್ರ್ಯ ಬರುವುದಕ್ಕೆ ಮೊದಲೇ ಪ್ರಜೆಗಳು ರಾಜ್ಯದ ವಿಚಾರವನ್ನು ಓದಿ ತಿಳಿದಿರಬೇಕೆಂದು ಅವರು ಬಯಸಿದರು. ಯಾರ ಹೆಸರನ್ನು ಆ ಸಂಸ್ಥೆಗೆ ಇಟ್ಟರೋ ಆ ಗೋಪಾಲಕೃಷ್ಣ ಗೋಖಲೆಯವರೂ ಮಹದೇವ ಗೋವಿಂದ ರಾನಡೆಯವರ ಬಳಿ ಹಲವು ವರ್ಷ ಕುಳಿತು ಈ ಕೆಲಸವನ್ನು ಕಲಿತವರೇ. 1905ರಲ್ಲಿ ತಾವು ಕಟ್ಟಿದ ಭಾರತ ಸೇವಕ ಸಮಾಜದಲ್ಲಿ ಹೊಸ ಸದಸ್ಯರಿಗೆ ಐದು ವರ್ಷಗಳ ಶಿಕ್ಷಣವನ್ನು ಅವರು ನಿಯಮವಾಗಿಯೇ ಇಟ್ಟರು. ಸಾರ್ವಜನಿಕ ವಿಷಯದಲ್ಲಿ ಬಾಯಿ ತೆರೆಯುವ ಮುನ್ನ ಕಣ್ಣು ತೆರೆದು ಓದಬೇಕೆಂಬುದೇ ಆ ನಿಯಮದ ಅರ್ಥ.

ನನ್ನ ಶಿಷ್ಯೆ ಹೋದ ಸಂಸ್ಥೆಯು ಆಗ ಜನರ ಬಂಧನಕ್ಕೆ ಸಂಬಂಧಪಟ್ಟ ಒಂದು ಮಸೂದೆಯನ್ನು ಪರಿಶೀಲಿಸುತ್ತಿತ್ತು. ಮೊದಲ ದಿನ ಹಿರಿಯರೊಬ್ಬರು ಆಕೆಯನ್ನು ಕರೆದು, ಸಂವಿಧಾನದ 21ನೆಯ ಅನುಚ್ಛೇದವನ್ನು ತೋರಿಸಿದರು. ಕಾನೂನು ಗೊತ್ತುಪಡಿಸಿದ ಕ್ರಮವನ್ನು ಅನುಸರಿಸಿಯೇ ಹೊರತು ಯಾವ ವ್ಯಕ್ತಿಯ ಪ್ರಾಣವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. “ಇದರಲ್ಲಿ ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂಬ ಮಾತು ಏಕೆ ಬಂದಿತು? ಬಂದದ್ದರಿಂದ ಏನಾಯಿತು? ಎರಡು ಪುಟಗಳ ಟಿಪ್ಪಣಿ ಬರೆದುಕೊಡು” ಎಂದರು. ಎರಡು ಪುಟವೇ? ಎರಡು ದಿನ ಸಾಕೆಂದು ಆಕೆ ಎಣಿಸಿದಳು.

ಮೊದಲ ಪ್ರಶ್ನೆ ಆಕೆಯನ್ನು ನೇರವಾಗಿ ನಮ್ಮ ಕರಾವಳಿಯ ಬೆನೆಗಲ್ ಮನೆತನದ ಬಿ. ಎನ್. ರಾವ್ ಅವರ ಬಳಿಗೆ ಕರೆದೊಯ್ದಿತು. ಅವರು ಸಂವಿಧಾನ ರಚನಾ ಸಭೆಯ ಸದಸ್ಯರಲ್ಲ; ಅದರ ಸಾಂವಿಧಾನಿಕ ಸಲಹೆಗಾರರು. ಸಭೆಯಲ್ಲಿ ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಆದರೆ ಬೇರೆ ಬೇರೆ ದೇಶಗಳು ಒಂದೊಂದು ಸಮಸ್ಯೆಯನ್ನು ಹೇಗೆ ಬಗೆಹರಿಸಿಕೊಂಡಿವೆ ಎಂಬುದನ್ನು ಸಂಗ್ರಹಿಸಿ, ಪುಸ್ತಿಕೆಗಳನ್ನಾಗಿ ಮಾಡಿ, ಸದಸ್ಯರ ಕೈಗಿತ್ತವರು ಅವರು. 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರೂ ಅವರೇ. 1949ರ ನವೆಂಬರ್ 25ರಂದು ಮಾಡಿದ ಭಾಷಣದಲ್ಲಿ ಡಾ. ಅಂಬೇಡ್ಕರ್ ಅವರು ತಮಗೆ ಸಲ್ಲಿಸಿದ ಗೌರವದ ಒಂದು ಭಾಗ ರಾವ್ ಅವರಿಗೆ ಸೇರಬೇಕೆಂದು ಹೇಳಿದರು.

ಆ ಮೊದಲ ಕರಡಿನ ಕಾಲದಲ್ಲಿ ವೈಯಕ್ತಿಕ ಸ್ವಾತಂತ್ರ್ಯದ ವಿಷಯದಲ್ಲಿ ಅಮೆರಿಕದ ಮಾತೊಂದು ಬಳಕೆಯಲ್ಲಿತ್ತು. ‘ಡ್ಯೂ ಪ್ರಾಸೆಸ್ ಆಫ್ ಲಾ’ ಎಂಬ ಆ ಮಾತನ್ನು ‘ನ್ಯಾಯೋಚಿತವಾದ ಕಾನೂನು ಕ್ರಮ’ ಎಂದು ಕನ್ನಡಿಸಬಹುದು. ಎರಡು ಮಾತುಗಳ ನಡುವೆ ಇರುವ ಅಂತರವನ್ನು ಗಮನಿಸಿ. ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂದರೆ, ಶಾಸನಸಭೆ ಬರೆದ ಕ್ರಮವನ್ನು ಅಧಿಕಾರಿ ತಪ್ಪದೆ ಪಾಲಿಸಿದರೆ ಸಾಕು. ‘ನ್ಯಾಯೋಚಿತವಾದ ಕ್ರಮ’ ಎಂದರೆ, ಶಾಸನಸಭೆ ಬರೆದ ಆ ಕ್ರಮವೇ ನ್ಯಾಯವಾದುದೇ ಎಂದು ನ್ಯಾಯಾಧೀಶನು ಕೇಳಬಹುದು.

ಹಾಗಾದರೆ ಎರಡನೆಯದೇ ಉತ್ತಮವಲ್ಲವೆ ಎಂದು ನಿಮಗೆ ತೋರಬಹುದು. ನನ್ನ ಶಿಷ್ಯೆಗೂ ಹಾಗೆಯೇ ತೋರಿತು. 1947ರ ಕೊನೆಯ ತಿಂಗಳುಗಳಲ್ಲಿ ರಾವ್ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ಕಾನೂನು ಪಂಡಿತರನ್ನು ಕಂಡರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರು ಆ ಮಾತಿನ ಬಗ್ಗೆ ಎಚ್ಚರಿಕೆ ಕೊಟ್ಟರು. ಜನರು ಆರಿಸಿದ ಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ಅದು ದಾರಿ ಮಾಡುತ್ತದೆ, ಅದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ, ನ್ಯಾಯಾಧೀಶರಿಗೂ ಹೊರೆಯಾಗುತ್ತದೆ ಎಂಬುದು ಅವರ ಅಭಿಪ್ರಾಯ. ಅನಂತರ ಕರಡು ರಚನಾ ಸಮಿತಿಯು ಅಮೆರಿಕದ ಮಾತನ್ನು ಬಿಟ್ಟು, ಜಪಾನಿನ 1946ರ ಸಂವಿಧಾನದ 31ನೆಯ ಅನುಚ್ಛೇದದಲ್ಲಿದ್ದ ಮಾತನ್ನು ತೆಗೆದುಕೊಂಡಿತು.

ಅದರ ಮೇಲೆ ಸಂವಿಧಾನ ರಚನಾ ಸಭೆಯಲ್ಲಿ 1948ರ ಡಿಸೆಂಬರ್ 6ರಂದೂ 13ರಂದೂ ಚರ್ಚೆ ನಡೆಯಿತು. ಕೆ. ಎಂ. ಮುನ್ಶಿಯವರು ಬಿಟ್ಟುಹೋದ ಮಾತೇ ಬೇಕೆಂದು ವಾದಿಸಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರು ಬೇಡವೆಂದರು. ಅಂಬೇಡ್ಕರ್ ಅವರು ಎರಡು ಕಡೆಯ ಅಪಾಯಗಳನ್ನೂ ಸಭೆಯ ಮುಂದೆ ಬಿಚ್ಚಿಟ್ಟರು. ಪಕ್ಷದ ಜನರಿಂದ ತುಂಬಿದ ಶಾಸನಸಭೆ ಪ್ರಜೆಗಳ ಹಕ್ಕನ್ನು ತುಳಿಯುವ ಕಾನೂನು ಮಾಡಬಹುದು. ಹಾಗೆಂದು ಐದಾರು ನ್ಯಾಯಾಧೀಶರು ಮಾತ್ರ ಅದನ್ನು ಸರಿಯಾಗಿ ತೂಗುತ್ತಾರೆಂದು ನಂಬುವುದೂ ಸುಲಭವಲ್ಲ. ಆದುದರಿಂದ ಸಭೆಯೇ ತೀರ್ಮಾನಿಸಲಿ ಎಂದರು. ಸಭೆ ಕರಡಿನ ಮಾತನ್ನೇ ಉಳಿಸಿಕೊಂಡಿತು. ಆದರೆ ಹಲವರ ಮನಸ್ಸಿಗೆ ಸಮಾಧಾನವಾಗಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಅವರೇ, ಆ ಕೊರತೆಯನ್ನು ತುಂಬಿಕೊಡಲೆಂದು, ಇಂದಿನ 22ನೆಯ ಅನುಚ್ಛೇದವಾದ ಹೊಸ ವಿಧಿಯನ್ನು ತಂದರು. ಬಂಧಿತನಿಗೆ ಕಾರಣವನ್ನು ತಿಳಿಸಬೇಕು, ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬ ರಕ್ಷಣೆಗಳು ಅದರಲ್ಲಿವೆ. ಅಪರಾಧ ನಡೆಯುವ ಮೊದಲೇ ಮುನ್ನೆಚ್ಚರಿಕೆಗಾಗಿ ಹಿಡಿದಿಡುವ ಕಾನೂನಿಗೂ ಅದರಲ್ಲಿಯೇ ಎಡೆಯಿದೆ.

ಇಷ್ಟನ್ನು ಓದಿ ಆಕೆ ಟಿಪ್ಪಣಿ ಬರೆದಳು. ಮುನ್ಶಿಯವರ ವಾದಕ್ಕೆ ಒಂದೂವರೆ ಪುಟ. ಅಲ್ಲಾಡಿಯವರಿಗೆ ಒಂದೇ ಸಾಲು. ಹಿರಿಯರು ಓದಿ ಹಿಂದಕ್ಕೆ ಕೊಟ್ಟರು. “ಬರೆವಣಿಗೆ ಚೆನ್ನಾಗಿದೆ. ಆದರೆ ನೀನು ಬರೆದದ್ದು ವಕೀಲರ ಟಿಪ್ಪಣಿ. ವಕೀಲನು ಒಂದು ಪಕ್ಷದ ಪರವಾಗಿ ನಿಲ್ಲುತ್ತಾನೆ. ಎದುರಿನ ಪಕ್ಷಕ್ಕೂ ಒಬ್ಬ ವಕೀಲನಿರುತ್ತಾನೆ. ಇದನ್ನು ಓದುವ ಶಾಸಕರ ಮುಂದೆ ಎದುರು ವಕೀಲನಿಲ್ಲ. ನೀನು ಬಿಟ್ಟದ್ದು ಅವರ ಪಾಲಿಗೆ ಇಲ್ಲವೇ ಇಲ್ಲ” ಎಂದರು. “ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ ಸಾರ್” ಎಂದಳು ಆಕೆ.

ಮರುದಿನ ಆಕೆ ತನಗೆ ಒಪ್ಪಿಗೆಯಾಗದ ವಾದವನ್ನೇ ಮೊದಲು ಹುಡುಕಲು ಹೊರಟಳು. ಅಲ್ಲಾಡಿಯವರ ಅಂಜಿಕೆಯ ಬೇರು ಸಿಕ್ಕಿದ್ದು ಅಮೆರಿಕದ ಹಳೆಯ ತೀರ್ಪುಗಳಲ್ಲಿ. ನ್ಯೂಯಾರ್ಕ್ ರಾಜ್ಯವು ರೊಟ್ಟಿ ಸುಡುವ ಕಾರ್ಖಾನೆಗಳ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಳಿಗಿಂತ ಹೆಚ್ಚು ದುಡಿಸಬಾರದೆಂದು ಒಂದು ಕಾನೂನು ಮಾಡಿತ್ತು. 1905ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇದೇ ‘ಡ್ಯೂ ಪ್ರಾಸೆಸ್’ ಎಂಬ ಮಾತನ್ನು ಆಧಾರವಾಗಿ ಹಿಡಿದು, ಮಾಲೀಕನೂ ಕೆಲಸಗಾರನೂ ತಮಗೆ ಬೇಕಾದಂತೆ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಆ ಕಾನೂನು ಅಡ್ಡಿಯೆಂದು ರದ್ದುಮಾಡಿತು. ಬಡವರಿಗೆ ನೆರಳಾಗಬೇಕಾಗಿದ್ದ ಕಾನೂನು ಸ್ವಾತಂತ್ರ್ಯದ ಹೆಸರಿನಲ್ಲಿಯೇ ಉರುಳಿತು. ಸಾಮಾಜಿಕ ಸುಧಾರಣೆಯ ಕಾನೂನುಗಳನ್ನು ಮಾಡಲು ಹೊರಟಿದ್ದ ಹೊಸ ಭಾರತದಲ್ಲಿಯೂ ಹೀಗಾದೀತೆಂಬ ಭಯ ಸಭೆಯಲ್ಲಿ ಕೆಲವರನ್ನು ಕಾಡಿದ್ದರೆ ಅದರಲ್ಲಿ ತಪ್ಪೇನು? ಒಂದು ಸಾಲಿನಲ್ಲಿ ತಾನು ಮುಗಿಸಿದ್ದ ವಾದದ ಹಿಂದೆ ರೊಟ್ಟಿ ಸುಡುವವರ ಬೆವರಿತ್ತೆಂದು ಆಕೆಗೆ ಆಗ ತಿಳಿಯಿತು.

ಇನ್ನು ಎರಡನೆಯ ಪ್ರಶ್ನೆ: ಬಂದದ್ದರಿಂದ ಏನಾಯಿತು? ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆ ಮಾತು ನ್ಯಾಯಾಲಯದ ತಕ್ಕಡಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಮಲಬಾರಿನ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರನ್ನು ಮದರಾಸು ಸರ್ಕಾರ ಮುನ್ನೆಚ್ಚರಿಕೆಯ ಬಂಧನ ಕಾನೂನಿನಂತೆ ಸೆರೆಯಲ್ಲಿಟ್ಟಿತ್ತು. ಆ ಕಾನೂನು ಹೇಳುವ ಕ್ರಮವೇ ನ್ಯಾಯವಲ್ಲವೆಂದು ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ದೂರಿಕೊಂಡರು. 1950ರ ಮೇ 19ರಂದು ಆರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ಹೇಳಬಾರದೆಂದಿದ್ದ ಒಂದು ಪ್ರಕರಣ ರದ್ದಾಯಿತು. ಆದರೆ ಶಾಸನಸಭೆ ಬರೆದ ಕ್ರಮ ನ್ಯಾಯವೇ ಅಲ್ಲವೇ ಎಂದು ಕೇಳುವುದು ತಮ್ಮ ಕೆಲಸವಲ್ಲ ಎಂಬುದು ಹೆಚ್ಚಿನವರ ನಿಲುವಾಯಿತು. ನ್ಯಾಯಮೂರ್ತಿ ಫಜಲ್ ಅಲಿಯವರು ಒಪ್ಪಲಿಲ್ಲ. ನೋಟಿಸು ಕೊಡುವುದು, ಹೇಳಿಕೆಯನ್ನು ಕೇಳುವುದು, ಪಕ್ಷಪಾತವಿಲ್ಲದವರು ವಿಚಾರಿಸುವುದು, ವಿಚಾರಣೆ ಕ್ರಮಬದ್ಧವಾಗಿ ನಡೆಯುವುದು, ಇಷ್ಟಾದರೂ ಇಲ್ಲದಿದ್ದರೆ ಅದು ಕ್ರಮವೇ ಅಲ್ಲವೆಂದು ಅವರು ಬರೆದರು.

ಆ ಮಾತಿನ ಅತ್ಯಂತ ಕಠಿಣ ಪರೀಕ್ಷೆ ತುರ್ತು ಪರಿಸ್ಥಿತಿಯಲ್ಲಿ ನಡೆಯಿತು. 1975ರ ಜೂನ್ 26ರಂದು ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧಿತರಾದದ್ದು ಬೆಂಗಳೂರಿನಲ್ಲಿ. ಅವರ ಅರ್ಜಿಗಳು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಬಂದವು. ಅಂಥ ಅರ್ಜಿಗಳನ್ನು ತಾವು ಕೇಳಬಹುದೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿದರೂ, 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು, 21ನೆಯ ಅನುಚ್ಛೇದದ ಜಾರಿ ಅಮಾನತಿನಲ್ಲಿರುವಾಗ ಬಂಧಿತನು ನ್ಯಾಯಾಲಯದ ಬಾಗಿಲನ್ನು ತಟ್ಟುವಂತಿಲ್ಲ ಎಂದು ತೀರ್ಪಿತ್ತರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನವಾಗಿ ನಿಂತರು. ಮುಂದೆ 1978ರ 44ನೆಯ ತಿದ್ದುಪಡಿಯಿಂದ, ಯಾವ ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ಅನುಚ್ಛೇದಗಳ ರಕ್ಷಣೆಯನ್ನು ಅಮಾನತುಗೊಳಿಸಬಾರದೆಂದು ಸಂವಿಧಾನದಲ್ಲಿಯೇ ಬರೆಯಲಾಯಿತು.

ಮಾತಿನ ಅರ್ಥ ಬೆಳೆದದ್ದು ಒಂದು ಪಾಸ್‌ಪೋರ್ಟಿನಿಂದ. 1977ರ ಜುಲೈ ತಿಂಗಳಲ್ಲಿ ಮೇನಕಾ ಗಾಂಧಿಯವರಿಗೆ ಪಾಸ್‌ಪೋರ್ಟನ್ನು ಏಳು ದಿನಗಳೊಳಗೆ ಒಪ್ಪಿಸಬೇಕೆಂಬ ಪತ್ರ ಬಂದಿತು. ಕಾರಣವೇನೆಂದು ಕೇಳಿದರೆ, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣವನ್ನು ಹೇಳಲಾಗದು ಎಂಬ ಉತ್ತರ ದೊರೆಯಿತು. 1978ರ ಜನವರಿ 25ರಂದು ಏಳು ನ್ಯಾಯಮೂರ್ತಿಗಳ ಪೀಠ, ಕಾನೂನು ಗೊತ್ತುಪಡಿಸಿದ ಕ್ರಮವೆಂದರೆ ಯಾವುದೋ ಒಂದು ಕ್ರಮವಲ್ಲ. ಅದು ನ್ಯಾಯವಾದುದೂ ಯುಕ್ತವಾದುದೂ ಆಗಿರಬೇಕು, ಮನಬಂದಂತೆ ಇರಕೂಡದು ಎಂದು ಸಾರಿತು. ಮೂವತ್ತು ವರ್ಷಗಳ ಹಿಂದೆ ಬಾಗಿಲಿನಿಂದ ಹೊರಗೆ ಹೋಗಿದ್ದ ಅರ್ಥ ಕಿಟಕಿಯಿಂದ ಒಳಗೆ ಬಂದಂತಾಯಿತು. ಆದರೂ ಆ ದಿನ ಪಾಸ್‌ಪೋರ್ಟು ಅವರ ಕೈಗೆ ಮರಳಲಿಲ್ಲ. ಅವರ ಮಾತನ್ನು ಕೇಳುತ್ತೇವೆಂದು ಸರ್ಕಾರ ಒಪ್ಪಿಕೊಂಡದ್ದರಿಂದ ನ್ಯಾಯಾಲಯವು ಆದೇಶವನ್ನು ರದ್ದುಮಾಡದೆ, ಪಾಸ್‌ಪೋರ್ಟನ್ನು ತನ್ನ ರಿಜಿಸ್ಟ್ರಾರರ ವಶದಲ್ಲಿಯೇ ಇರಿಸಿತು. “ಪಠ್ಯಪುಸ್ತಕದಲ್ಲಿ ಗೆದ್ದರೆಂದು ಓದಿದ್ದೆ ಸಾರ್. ಪೂರ್ತಿ ತೀರ್ಪನ್ನು ಕೊನೆಯ ಪುಟದವರೆಗೆ ಓದಿದಾಗ ಇದು ಗೊತ್ತಾಯಿತು” ಎಂದಳು ನನ್ನ ಶಿಷ್ಯೆ. ಮೂಲವನ್ನೇ ಓದಬೇಕು, ಕೊನೆಯವರೆಗೂ ಓದಬೇಕು ಎಂಬುದು ಆಕೆ ಕಲಿತ ಮತ್ತೊಂದು ಪಾಠ.

ಇದೇ 21ನೆಯ ಅನುಚ್ಛೇದದ ಕಥೆಯಲ್ಲಿ ಕನ್ನಡನಾಡಿನ ಇನ್ನೊಬ್ಬ ಹಿರಿಯರ ಹೆಸರು ನಿಂತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅದರಿಂದ ಎದ್ದ ಪ್ರಶ್ನೆಗೆ ಉತ್ತರವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವೂ ಮೂಲಭೂತ ಹಕ್ಕೆಂದು ಹೇಳಿದರು. 1976ರ ತೀರ್ಪು ತಪ್ಪೆಂದು ಘೋಷಿಸಿದ್ದೂ ಆ ತೀರ್ಪಿನಲ್ಲಿಯೇ. ಖನ್ನಾ ಅವರ ಒಂಟಿ ದನಿಗೆ 41 ವರ್ಷಗಳ ಮೇಲೆ ಮನ್ನಣೆ ದೊರೆಯಿತು.

ಆಕೆಯ ಮಾತನ್ನು ಕೇಳುತ್ತಿದ್ದಂತೆ ನನ್ನ ಮನಸ್ಸು ನನ್ನ ಹಳೆಯ ತರಗತಿಯೊಂದಕ್ಕೆ ಹೋಯಿತು. ಒಂದು ದಿನ ಹುಡುಗನೊಬ್ಬನ ಕಂಪಾಸು ಪೆಟ್ಟಿಗೆ ಕಾಣೆಯಾಯಿತು. ಆಟದ ಹೊತ್ತಿನಲ್ಲಿ ಇನ್ನೊಬ್ಬ ಹುಡುಗ ಒಬ್ಬನೇ ಕೋಣೆಯಲ್ಲಿದ್ದನೆಂದು ಯಾರೋ ಹೇಳಿದರು. ನಾನು ಅವನನ್ನು ಮೂರು ದಿನ ತರಗತಿಯ ಹೊರಗೆ ನಿಲ್ಲಿಸಿದೆ. ನಾಲ್ಕನೆಯ ದಿನ ಪೆಟ್ಟಿಗೆಯು ಕಳೆದುಕೊಂಡವನ ಮನೆಯಲ್ಲಿಯೇ ಸಿಕ್ಕಿತು. ಕಾಲಿಗೆ ಮುಳ್ಳು ನೆಟ್ಟು ನಡೆಯಲಾರದೆ ಆ ಹುಡುಗ ಕೋಣೆಯಲ್ಲಿ ಉಳಿದಿದ್ದನಂತೆ. “ಅದನ್ನು ಏಕೆ ಹೇಳಲಿಲ್ಲ?” ಎಂದು ಕೇಳಿದೆ. “ನೀವು ಕೇಳಲಿಲ್ಲ ಸಾರ್” ಎಂದ. ತರಗತಿಯಲ್ಲಿ ಶಿಸ್ತು ಕಾಪಾಡುವ ಅಧಿಕಾರ ನನಗಿತ್ತು. ಹೊರಗೆ ನಿಲ್ಲಿಸುವುದು ಅಂದಿನ ಶಾಲೆಗಳಲ್ಲಿ ರೂಢಿಯ ಕ್ರಮವೇ ಆಗಿತ್ತು. ಆದರೂ ಅದು ನ್ಯಾಯವಾಗಿರಲಿಲ್ಲ. ನ್ಯಾಯಮೂರ್ತಿಗಳು ನೂರಾರು ಪುಟಗಳಲ್ಲಿ ತೂಗಿದ ಮಾತನ್ನು ಆ ಹುಡುಗ ಮೂರು ಪದಗಳಲ್ಲಿ ನನಗೆ ಕಲಿಸಿದ್ದ.

ಕೊನೆಯ ವಾರದಲ್ಲಿ ನನ್ನ ಶಿಷ್ಯೆ ತನ್ನ ಟಿಪ್ಪಣಿಯನ್ನು ಮತ್ತೆ ಬರೆದಳು. ಮೊದಲು ಸಂಗತಿಗಳು, ಅನಂತರ ಒಂದು ಕಡೆಯ ವಾದ, ಅಷ್ಟೇ ವಿವರವಾಗಿ ಇನ್ನೊಂದು ಕಡೆಯ ವಾದ, ಆ ಬಳಿಕ ತೀರ್ಪುಗಳು, ಕಟ್ಟಕಡೆಗೆ ತನ್ನ ಅಭಿಪ್ರಾಯ. ಅಭಿಪ್ರಾಯ ಬದಲಾಗಿತ್ತೇ ಎಂದು ಕೇಳಿದೆ. “ಇಲ್ಲ ಸಾರ್. ಕ್ರಮ ನ್ಯಾಯವಾಗಿರಲೇಬೇಕೆಂದು ಈಗಲೂ ನಂಬುತ್ತೇನೆ. ಆದರೆ ಮೊದಲು ಅದನ್ನು ಹೇಳುವಾಗ ಎದುರಿನವರು ಮೂಢರೆಂದು ತಿಳಿದಿದ್ದೆ. ಈಗ ಅವರ ಕಾರಣವನ್ನೂ ನಾನೇ ಹೇಳಬಲ್ಲೆ” ಎಂದಳು. ಈ ಸಲ ಹಿರಿಯರು ಟಿಪ್ಪಣಿಯನ್ನು ಹಿಂದಕ್ಕೆ ಕೊಡಲಿಲ್ಲ. ಸಂಸ್ಥೆಯು ಮಸೂದೆಯ ಬಗ್ಗೆ ಸಿದ್ಧಪಡಿಸಿದ ವರದಿಯಲ್ಲಿ ಅದು ಸೇರಿತು. ಆಕೆಯ ಹೆಸರು ಅದರಲ್ಲಿರಲಿಲ್ಲ. ಅದಕ್ಕಾಗಿ ಆಕೆ ಕೊರಗಲೂ ಇಲ್ಲ.

ನೀವೆಲ್ಲರೂ ಕಾನೂನನ್ನೇ ಓದಬೇಕೆಂದಿಲ್ಲ. ಆದರೆ ಇನ್ನು ಕೆಲವು ವರ್ಷಗಳಲ್ಲಿ ನೀವು ಮತದಾರರಾಗುವಿರಿ. ನಿಮ್ಮಲ್ಲಿ ಕೆಲವರು ಪಂಚಾಯಿತಿಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಇನ್ನೊಬ್ಬರ ವಿಷಯವಾಗಿ ತೀರ್ಮಾನ ಹೇಳುವ ಸ್ಥಾನದಲ್ಲಿಯೂ ಕುಳಿತುಕೊಳ್ಳುವಿರಿ. ಆ ದಿನ ನಿಮ್ಮ ಮುಂದೆ ಬರೆದಿಟ್ಟ ನಿಯಮವೊಂದಿರುತ್ತದೆ. ನಿಯಮದ ಎದುರಿಗೆ ಒಬ್ಬ ಮನುಷ್ಯನೂ ಇರುತ್ತಾನೆ. ನಿಯಮವನ್ನು ಓದುವ ಮೊದಲು ಅವನ ಮಾತನ್ನು ಕೇಳಿರಿ. ನೀವು ಒಪ್ಪದ ಮಾತಾದರೆ ಇನ್ನಷ್ಟು ಗಮನವಿಟ್ಟು ಕೇಳಿರಿ.